ಎಂಸಿಬಿ ಕಾಯುವುದು ತಂತಿಯನ್ನು

ಹೋದ ಮುಂಗಾರಿನ ಒಂದು ಸಂಜೆ, ರಾಜಾಜಿನಗರದ ನಮ್ಮ ಮನೆಯ ಕಬ್ಬಿಣದ ಗೇಟಿಗೆ ಕೈಯಿಟ್ಟೆ. ಬೆರಳಿನಿಂದ ಮೊಣಕೈಯವರೆಗೆ ಜುಮ್ಮೆಂದಿತು. ಗೇಟಿನ ಕಂಬದ ಮೇಲಿನ ದೀಪದೊಳಕ್ಕೆ ಮಳೆನೀರು ಇಳಿದು, ವಿದ್ಯುತ್ತು ಗೇಟಿಗೆ ಹರಿದಿತ್ತು. ಕಾಲಲ್ಲಿ ಒಣ ಬೂಟು ಇದ್ದುದರಿಂದ ಉಳಿದೆ. ಮರುದಿನ ಬಂದ ಎಲೆಕ್ಟ್ರಿಷಿಯನ್ ಟೆಸ್ಟರ್ ಹಚ್ಚಿ ನೋಡಿ, "ಎಂಸಿಬಿ ಇದೆಯಲ್ಲ ಸಾರ್, ಜಾಸ್ತಿಯಾದರೆ ತಾನೇ ಬೀಳುತ್ತದೆ" ಎಂದು ಸಮಾಧಾನ ಹೇಳಿದರು. ಎಂಸಿಬಿ ಎಂದರೆ ಮಿತಿ ಮೀರಿ ವಿದ್ಯುತ್ತು ಹರಿದಾಗ ತಾನೇ ಬೀಳುವ, ಅಂದರೆ ಆರಿಹೋಗುವ ಸ್ವಿಚ್ಚು. ಇದೇ ಮಾತನ್ನು ಓದಿದವರಿಂದಲೂ, ಮನೆ ಕಟ್ಟಿಸಿದವರಿಂದಲೂ ಎಷ್ಟೋ ಸಲ ಕೇಳಿದ್ದೇನೆ. ಪ್ರತಿ ಸಲವೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಮನೆಯ ಹೊರಗಿನ ವೈರಿಂಗ್ ವಿಷಯದಲ್ಲಿ ಇದಕ್ಕಿಂತ ಅಪಾಯಕಾರಿಯಾದ ತಪ್ಪು ನಂಬಿಕೆ ಇನ್ನೊಂದಿಲ್ಲ.

ಸಣ್ಣ ಲೆಕ್ಕ ಸಾಕು. ಒದ್ದೆ ಕೈ, ಬರಿಗಾಲು, ನೆನೆದ ನೆಲ ಸೇರಿದರೆ ದೇಹದ ರೋಧ (ವಿದ್ಯುತ್ತಿಗೆ ಒಡ್ಡುವ ತಡೆ) ಸುಮಾರು 1,000 ಓಮ್‌ಗೆ ಇಳಿಯುತ್ತದೆ. 230 ವೋಲ್ಟ್ ತಗುಲಿದರೆ ಮೈಯಲ್ಲಿ ಹರಿಯುವುದು 0.23 ಆಂಪಿಯರ್. ಹಳೆಯ 60 ವಾಟ್ ಬಲ್ಬು ಇದಕ್ಕಿಂತ ತುಸು ಹೆಚ್ಚೇ ಎಳೆಯುತ್ತಿತ್ತು. ಸಂಪಿನ ಮೋಟಾರಿಗೆ ಹಾಕಿದ 16 ಆಂಪಿಯರ್ ಎಂಸಿಬಿಗೆ ಅದು ಎಪ್ಪತ್ತರಲ್ಲಿ ಒಂದು ಪಾಲು. ಮನುಷ್ಯ ಸಾಯುತ್ತಿದ್ದಾನೋ ಅಂಗಳದಲ್ಲಿ ದೀಪ ಉರಿಯುತ್ತಿದೆಯೋ ಎಂಬುದು ಅದಕ್ಕೆ ತಿಳಿಯುವ ದಾರಿಯೇ ಇಲ್ಲ. ತಂತಿ ಕಾದು ಬೆಂಕಿ ಹತ್ತದಂತೆ ನೋಡಿಕೊಳ್ಳುವುದಷ್ಟೇ ಅದರ ಕೆಲಸ, ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡುತ್ತದೆ.

"ಕರೆಂಟು ಹಿಡಿದುಕೊಂಡುಬಿಟ್ಟಿತು" ಎನ್ನುತ್ತಾರೆ. ಕರೆಂಟು ಹಿಡಿಯುವುದಿಲ್ಲ, ಹಿಡಿಯುವುದು ನಮ್ಮದೇ ಕೈ. ನಮ್ಮ ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ ನೂರು ಬಾರಿ ದಿಕ್ಕು ಬದಲಿಸುತ್ತದೆ. ಸ್ನಾಯುವಿಗೆ ಅಷ್ಟೂ ಸಲ "ಬಿಗಿ ಹಿಡಿ" ಎಂಬ ಆಜ್ಞೆ ಹೋಗುತ್ತದೆ. ಬೆರಳನ್ನು ಮಡಿಸುವ ಸ್ನಾಯುಗಳು ಬಿಡಿಸುವ ಸ್ನಾಯುಗಳಿಗಿಂತ ಬಲಶಾಲಿ, ಹಾಗಾಗಿ ಮುಷ್ಟಿ ಬಿಗಿಯುತ್ತದೆ. ಹತ್ತು-ಹದಿನಾರು ಮಿಲಿ ಆಂಪಿಯರ್ (ಆಂಪಿಯರಿನ ಸಾವಿರದಲ್ಲಿ ಒಂದು ಪಾಲು ಒಂದು ಮಿಲಿ ಆಂಪಿಯರ್) ದಾಟಿದರೆ ಬಿಡಬೇಕೆಂದರೂ ಬಿಡಲಾಗದು. ಅಮೆರಿಕದ ಬರ್ಕ್ಲಿಯಲ್ಲಿ ಚಾರ್ಲ್ಸ್ ಡಾಲ್ಜಿಯಲ್ ಎಂಬ ಎಂಜಿನಿಯರ್ ಸ್ವಯಂಸೇವಕರ ಮೇಲೆ ಪ್ರಯೋಗ ನಡೆಸಿ ಈ ಮಿತಿಗಳನ್ನು ಅಳೆದವರು.

ಹಾಗಾದರೆ ನಮ್ಮನ್ನು ಕಾಯುವುದು ಯಾವುದು? ಆರ್‌ಸಿಸಿಬಿ. ವಿದ್ಯುತ್ತು ಸೋರಿದರೆ ಸಂಪರ್ಕ ಕಡಿಯುವ ಸ್ವಿಚ್ಚು ಇದು. ಅಂಗಡಿಯಲ್ಲಿ ಇಂದಿಗೂ ಇದನ್ನು ಇಎಲ್‌ಸಿಬಿ ಎಂದೇ ಕೇಳುತ್ತಾರೆ. ಇದರ ಒಳಗಿನ ಉಪಾಯವನ್ನು ಮೊದಲ ಸಲ ಅರ್ಥ ಮಾಡಿಕೊಂಡ ದಿನದ ಸಂತೋಷ ನನಗಿನ್ನೂ ನೆನಪಿದೆ. ಬಳೆಯಾಕಾರದ ಒಂದು ಕಾಂತೀಯ ಉಂಗುರ. ವಿದ್ಯುತ್ತನ್ನು ತರುವ ಫೇಸ್ ತಂತಿಯೂ ಹಿಂದಕ್ಕೆ ಒಯ್ಯುವ ನ್ಯೂಟ್ರಲ್ ತಂತಿಯೂ ಅದರೊಳಗಿಂದ ಹಾದುಹೋಗುತ್ತವೆ. ಒಂದರಲ್ಲಿ ಹೋದಷ್ಟೇ ವಿದ್ಯುತ್ತು ಇನ್ನೊಂದರಲ್ಲಿ ಹಿಂತಿರುಗಬೇಕು. ಹಿಂತಿರುಗಿದರೆ ಎರಡೂ ಹುಟ್ಟಿಸುವ ಕಾಂತಕ್ಷೇತ್ರಗಳು ಒಂದನ್ನೊಂದು ಅಳಿಸಿಹಾಕುತ್ತವೆ, ಉಂಗುರ ತಣ್ಣಗಿರುತ್ತದೆ. ಹಗ್ಗಜಗ್ಗಾಟದಲ್ಲಿ ಎರಡೂ ಕಡೆ ಸಮಬಲ, ಹಗ್ಗದ ನಡುವಿನ ಗಂಟು ಅಲ್ಲಾಡುವುದಿಲ್ಲ. ಮದುವೆಮನೆಯ ಉಗ್ರಾಣದ ಲೆಕ್ಕವೂ ಹೀಗೆಯೇ. ಸಾವಿರ ಲೋಟ ಹೊರಗೆ ಹೋದವೋ ಹತ್ತು ಸಾವಿರವೋ ಎಂದು ಉಗ್ರಾಣದವರು ಗಾಬರಿಯಾಗುವುದಿಲ್ಲ, ಹೋದದ್ದಕ್ಕಿಂತ ಮೂರು ಕಡಿಮೆ ಬಂದರೆ ಮಾತ್ರ ಎದ್ದು ನಿಲ್ಲುತ್ತಾರೆ. ಅಕ್ಕಸಾಲಿಗನ ತಕ್ಕಡಿಯನ್ನೂ ನೆನೆಯಿರಿ. ಎರಡು ತಟ್ಟೆಯಲ್ಲಿ ಎಷ್ಟೇ ಭಾರವಿದ್ದರೂ ಮುಳ್ಳು ತೋರಿಸುವುದು ವ್ಯತ್ಯಾಸವನ್ನು ಮಾತ್ರ. ಆ ವ್ಯತ್ಯಾಸ ಎಲ್ಲಿಗೆ ಹೋಯಿತು? ಗೇಟಿನ ಮೂಲಕ, ಮೈಯ ಮೂಲಕ ನೆಲಕ್ಕೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಉಂಗುರಕ್ಕೆ ಸುತ್ತಿದ ಸಣ್ಣ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ ಕೊಂಡಿಯನ್ನು ಬಿಡಿಸುತ್ತದೆ. ನಮ್ಮ ಲೆಕ್ಕದ 230 ಮಿಲಿ ಆಂಪಿಯರ್ ಸೋರಿದರೆ 40 ಮಿಲಿಸೆಕೆಂಡಿನೊಳಗೆ ಸಂಪರ್ಕ ಕಡಿದಿರಬೇಕು. ಅದು ಹೃದಯದ ಒಂದು ಬಡಿತದ ಇಪ್ಪತ್ತರಲ್ಲಿ ಒಂದು ಭಾಗ. ಹೃದಯ ಲಯ ತಪ್ಪಲು ಸಾಮಾನ್ಯವಾಗಿ ಬೇಕಾಗುವ ಸಮಯಕ್ಕಿಂತ ಇದು ಬಹಳ ಕಡಿಮೆ.

ಇಂಥ ಸೂಕ್ಷ್ಮ ರಕ್ಷಣೆ 1950ರ ದಶಕದಲ್ಲಿ ಮೊದಲು ರೂಪುಗೊಂಡದ್ದು ದಕ್ಷಿಣ ಆಫ್ರಿಕಾದ ಚಿನ್ನದ ಗಣಿಗಳಿಗಾಗಿ, ಹೆನ್ರಿ ರೂಬಿನ್ ಎಂಬ ಎಂಜಿನಿಯರ್ ಕೈಯಲ್ಲಿ. ನಮ್ಮ ನಾಡಿಗೆ ವಿದ್ಯುತ್ತು ಬಂದದ್ದೂ ಚಿನ್ನದ ಗಣಿಗಾಗಿಯೇ. 1902ರಲ್ಲಿ ಶಿವನಸಮುದ್ರದ ಜಲಪಾತದಿಂದ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಗಣಿಗಳಿಗೆ ತಂತಿ ಎಳೆದರು. ಬೆಂಗಳೂರಿನ ಬೀದಿದೀಪಗಳ ಸರದಿ ಬಂದದ್ದು ಅದಾದ ಮೇಲೆ, 1905ರಲ್ಲಿ. ಗಣಿಯ ಒದ್ದೆ ಸುರಂಗದಲ್ಲಿ ಬರಿಗೈಯಲ್ಲಿ ದುಡಿದವರ ಕಷ್ಟದಿಂದ ಹುಟ್ಟಿದ ಸಾಧನವನ್ನು ನಾವು ಮೀಟರ್ ಬೋರ್ಡಿನಲ್ಲಿ ಜಾಗವಿಲ್ಲವೆಂದು ಬಿಟ್ಟುಬಿಡುತ್ತೇವೆ.

"ಅರ್ಥಿಂಗ್ ಇದೆಯಲ್ಲ" ಎಂಬುದು ಮುಂದಿನ ವಾದ. ಅರ್ಥಿಂಗ್ ಎಂದರೆ ಉಪಕರಣದ ಲೋಹದ ಮೈಯಿಂದ ನೆಲಕ್ಕೆ ಇಳಿಸಿದ ತಂತಿ. ಅರ್ಥಿಂಗ್ ಬೇಕೇ ಬೇಕು, ಆದರೆ ಅದೊಂದೇ ಸಾಲದು. ಲಾಲ್‌ಬಾಗಿನ ಬಂಡೆ ನೋಡಿದ್ದೀರಲ್ಲ, ಈ ಊರಿನ ನೆಲದಡಿಯಲ್ಲಿ ಇರುವುದು ಅಂಥದೇ ಪುರಾತನ ಶಿಲೆ. ಬೇಸಿಗೆಯಲ್ಲಿ ಒಣಗಿದ ಗಟ್ಟಿ ನೆಲ ವಿದ್ಯುತ್ತನ್ನು ಸುಲಭವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಮನೆ ಕಟ್ಟುವಾಗ ಇದ್ದಿಲು, ಉಪ್ಪು ತುಂಬಿಸಿ ಆಮೇಲೆ ಮರೆತ ಅರ್ಥ್ ಗುಂಡಿಯ ರೋಧ 50 ಓಮ್‌ಗೆ ಏರಿದ್ದರೆ, ಫೇಸ್ ತಂತಿ ನೇರವಾಗಿ ಮೋಟಾರಿನ ಮೈಗೆ ತಾಗಿದರೂ ನೆಲಕ್ಕೆ ಹರಿಯುವುದು 4.6 ಆಂಪಿಯರ್ ಮಾತ್ರ. 16 ಆಂಪಿಯರ್ ಎಂಸಿಬಿ ಎಂದೆಂದಿಗೂ ಬೀಳುವುದಿಲ್ಲ. ಆರ್‌ಸಿಸಿಬಿಗೆ ಅದರ ನೂರೈವತ್ತರಲ್ಲಿ ಒಂದು ಪಾಲು ಸಾಕು.

ಮನಸ್ಸಿಗೆ ನೋವಾಗುವುದು ಇನ್ನೊಂದು ಕಾರಣಕ್ಕೆ. ಸಂಪು ಈಶಾನ್ಯ ಮೂಲೆಯಲ್ಲಿಯೇ ಇರಬೇಕೆಂದು ವಾಸ್ತು ಕೇಳುವವರು, ಆ ಸಂಪಿಗೆ ಇಳಿದ ಮೋಟಾರ್ ತಂತಿಯ ಜೋಡಣೆಗೆ ಬರೀ ಟೇಪು ಸುತ್ತಿದೆಯೇ ಎಂದು ಕೇಳುವುದಿಲ್ಲ. ಶಾಕ್ ಹೊಡೆದು ಜೀವ ಹೋದರೆ ಗ್ರಹಚಾರ ಎನ್ನುತ್ತಾರೆ. ಸೋರಿಕೆಗೆ ದಿಕ್ಕಿಲ್ಲ, ಗ್ರಹವಿಲ್ಲ. ಹಳಸಿದ ನಿರೋಧಕ ಹೊದಿಕೆ ಮತ್ತು ನೀರು, ಅಷ್ಟೇ ಕಾರಣ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಕೇಂದ್ರೀಯ ವಿದ್ಯುತ್ ಪ್ರಾಧಿಕಾರದ 2010ರ ಸುರಕ್ಷತಾ ನಿಯಮಾವಳಿಯಲ್ಲಿಯೇ, ಸಣ್ಣ ಸಂಪರ್ಕಗಳನ್ನು ಬಿಟ್ಟು, ಮನೆಗಳಿಗೆ 30 ಮಿಲಿ ಆಂಪಿಯರ್ ಮೀರದ ಸೋರಿಕೆ ರಕ್ಷಣೆ ಇರಬೇಕೆಂದು ಹೇಳಿತ್ತು. ಈಗ ಅದರ ಜಾಗದಲ್ಲಿ 2023ರ ನಿಯಮಾವಳಿ ಇದೆ. ಬಲ್ಬು, ಫ್ಯಾನು, ಫ್ಯೂಸು, ಸ್ವಿಚ್ಚುಗಳನ್ನು ಇದ್ದ ಹಾಗೆಯೇ ಬದಲಿಸಲು ಅಡ್ಡಿಯಿಲ್ಲ. ಅಂಗಳಕ್ಕೆ ಹೊಸ ಪ್ಲಗ್ ಪಾಯಿಂಟ್ ಎಳೆಯುವುದು, ಕಾಂಪೌಂಡಿಗೆ ಹೊಸ ದೀಪದ ಸಾಲು ಹಾಕುವುದು ಆ ವಿನಾಯಿತಿಗೆ ಸೇರುವುದಿಲ್ಲ. ಅದು ಪರವಾನಗಿ ಪಡೆದ ವಿದ್ಯುತ್ ಗುತ್ತಿಗೆದಾರರ ಮೂಲಕವೇ ಆಗಬೇಕು. ಹೊರಗಿನ ದೀಪ, ಸ್ವಿಚ್ಚು, ಪೆಟ್ಟಿಗೆಗಳ ಮೇಲೆ, ಧೂಳು-ನೀರನ್ನು ಎಷ್ಟು ತಡೆಯುತ್ತವೆ ಎಂದು ಹೇಳುವ ಎರಡಂಕಿಯ ಐಪಿ ಸಂಖ್ಯೆ ಇರುತ್ತದೆ. ಎರಡನೆಯ ಅಂಕಿ ನೀರಿನದು: 4 ಎಂದರೆ ಎರಚಲು ತಡೆಯುತ್ತದೆ, 5 ಎಂದರೆ ಪೈಪಿನಿಂದ ಚಿಮ್ಮುವ ನೀರನ್ನೂ ತಡೆಯುತ್ತದೆ. ಮಳೆಗೆ ಮೈಯೊಡ್ಡುವ ಜಾಗಕ್ಕೆ ನಾನು ಐಪಿ 65ಕ್ಕಿಂತ ಕಡಿಮೆಯದನ್ನು ಒಪ್ಪುವುದಿಲ್ಲ.

ಆರ್‌ಸಿಸಿಬಿ ಏನೂ ಮಾಡಲಾಗದ ಒಂದು ಜಾಗವಿದೆ, ಮನೆಯ ಮುಂದಿನ ಬೀದಿಯ ತಂತಿ. 11 ಕೆವಿ (11,000 ವೋಲ್ಟ್) ಮಾರ್ಗಕ್ಕೂ ಕಟ್ಟಡಕ್ಕೂ ಅಡ್ಡಲಾಗಿ ಕನಿಷ್ಠ 1.2 ಮೀಟರ್, ಮೇಲ್ಮುಖವಾಗಿ 3.7 ಮೀಟರ್ ಅಂತರ ಬೇಕು. ನಮ್ಮ ಕಿರಿದಾದ ರಸ್ತೆಗಳಲ್ಲಿ ಬಾಲ್ಕನಿಯನ್ನು ಹೊರಚಾಚಿ, ಆ ಅಂತರವನ್ನು ನಾವೇ ನುಂಗಿದ್ದೇವೆ. ಅಲ್ಲಿ ನಿಂತು ಕಬ್ಬಿಣದ ದೋಟಿಯಲ್ಲಿ ತೆಂಗಿನಕಾಯಿ ಕೀಳುವುದು, ಹಬ್ಬದ ಸೀರಿಯಲ್ ಲೈಟಿನ ಸರವನ್ನು ಆಚೆ ಎಸೆದು ಕಟ್ಟುವುದು ಬೇಡ. ಕೊಂಬೆ ತಂತಿಗೆ ತಾಗಿದ್ದರೆ ಬೆಸ್ಕಾಂನ 1912ಕ್ಕೆ ಕರೆ ಮಾಡಿ, ನೀವು ಕಡಿಯಬೇಡಿ.

ನಮ್ಮ ಮನೆಗೆ ಕೊನೆಗೂ ಆರ್‌ಸಿಸಿಬಿ ಬಂತು. ಹಾಕಿದ ಕೂಡಲೇ ಪದೇ ಪದೇ ಬೀಳತೊಡಗಿತು. "ಇದು ತೊಂದರೆ ಸಾರ್, ಬೈಪಾಸ್ ಮಾಡಿಬಿಡೋಣ" ಎಂದರು ಎಲೆಕ್ಟ್ರಿಷಿಯನ್. ಈ ಊರಿನಲ್ಲಿ ಎಷ್ಟೋ ಮನೆಗಳ ರಕ್ಷಣೆ ಇದೇ ಮಾತಿನಿಂದ ಸತ್ತಿರಬಹುದು. ಬೇಡವೆಂದು ಹೇಳಿ, ಇಬ್ಬರೂ ಕುಳಿತು ಹುಡುಕಿದೆವು. ಯುಪಿಎಸ್ಸಿನ ನ್ಯೂಟ್ರಲ್ ತಂತಿಯನ್ನು ಬೇರೊಂದು ಸಾಲಿನ ನ್ಯೂಟ್ರಲ್‌ಗೆ ಸೇರಿಸಿದ್ದರು, ಆದ್ದರಿಂದ ಹೋದ ಲೋಟಗಳು ಬೇರೆ ಬಾಗಿಲಿನಿಂದ ಹಿಂತಿರುಗುತ್ತಿದ್ದವು. ಬೇರ್ಪಡಿಸಿದ ಮೇಲೆ ನಿಂತಿತು. ಟೆಸ್ಟ್ ಗುಂಡಿಯನ್ನು ಪ್ರತಿ ತಿಂಗಳ ಮೊದಲ ದಿನ ಒತ್ತುತ್ತೇನೆ.

ಆಮೇಲೆ ಮೊದಲ ದೊಡ್ಡ ಮಳೆಯ ರಾತ್ರಿ ಅದು ಮತ್ತೆ ಬಿತ್ತು, ಈ ಸಲ ಸರಿಯಾದ ಕಾರಣಕ್ಕೆ. ಬೆಳಿಗ್ಗೆ ಮೇನ್ ಸ್ವಿಚ್ ಆರಿಸಿ ಗೇಟಿನ ಇನ್ನೊಂದು ಕಂಬದ ದೀಪ ಬಿಚ್ಚಿದೆವು. ಹೋಲ್ಡರಿನೊಳಗೆ ಇರುವೆಗಳು ಮಣ್ಣು ತುಂಬಿ ಗೂಡು ಕಟ್ಟಿದ್ದವು, ಆ ಮಣ್ಣು ಪೂರ್ತಿ ನೆನೆದಿತ್ತು.