ಮರದ ತೊಲೆ ಸೀಳುವುದು ಎಲ್ಲಿ, ಯಾಕೆ

ಉಕ್ಕು, ಕಾಂಕ್ರೀಟಿನ ಲೆಕ್ಕ ಕಲಿತು ಮರಕ್ಕೆ ಬಂದವರು ಎಡವುವುದು ಎಳೆಯ, ಅಂದರೆ ಮರದ ನಾರಿನ, ದಿಕ್ಕಿನಲ್ಲಿ. ಎಳೆಯ ಉದ್ದಕ್ಕೆ ಜಗ್ಗಿದರೆ ಮರ ಬಲು ಗಟ್ಟಿ. ಅಡ್ಡಕ್ಕೆ ಜಗ್ಗಿದರೆ ಅದರ ಹತ್ತರಲ್ಲೊಂದು ಪಾಲೂ ತಡೆಯದೆ ಸೀಳುತ್ತದೆ. ಸೌದೆ ಒಡೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ಒಣಗುವಾಗಲೂ ಹಾಗೆಯೇ. ತೇವಾಂಶ ಸುಮಾರು 30%ಗಿಂತ ಕೆಳಗಿಳಿದ ಮೇಲೆ ಮರ ಕುಗ್ಗತೊಡಗುತ್ತದೆ. ಉದ್ದದಲ್ಲಿ ಕುಗ್ಗುವುದು ಲೆಕ್ಕಕ್ಕಿಲ್ಲ. ಅಡ್ಡಳತೆಯಲ್ಲಿ, ತೇವಾಂಶ 1% ಇಳಿದರೆ ಅಂದಾಜು 0.25%. 300 ಮಿ.ಮೀ. ಎತ್ತರದ ತೊಲೆಯನ್ನು 25% ತೇವವಿದ್ದಾಗ ಕೂರಿಸಿದಿರಿ, ಆಮೇಲೆ ಅದು 12%ಗೆ ಒಣಗಿತು ಎನ್ನಿ. 300 × 0.0025 × 13, ಅಂದರೆ ಹೆಚ್ಚುಕಮ್ಮಿ 10 ಮಿ.ಮೀ. ಎತ್ತರ ಹೋಯಿತು.

ಈಗ ಅದರ ತುದಿಗೆ ಉಕ್ಕಿನ ಫಲಕ, ಮೇಲೊಂದು ಕೆಳಗೊಂದು ಬೋಲ್ಟು, ನಡುವೆ 200 ಮಿ.ಮೀ. ಅಷ್ಟು ಮರ 6.5 ಮಿ.ಮೀ. ಕುಗ್ಗಬೇಕು, ಫಲಕ ಬಿಡುವುದಿಲ್ಲ. ಬೋಲ್ಟಿನಿಂದ ಹೊರಟ ಸೀಳು ಎಳೆಯ ಗುಂಟ ಓಡುತ್ತದೆ. ಬೋಲ್ಟು ದಪ್ಪಗಿದ್ದರೆ ಸಾಕು ಎಂದುಕೊಳ್ಳುವುದು ತಪ್ಪು. ಅದು ಇನ್ನೂ ಬಿಗಿಯಾಗಿ ಹಿಡಿಯುತ್ತದೆ, ಅಷ್ಟೇ. ತೊಲೆಯ ಅಡಿಬದಿ ಆಧಾರದ ಮೇಲೆ ಕೂತಿರಲಿ, ಕೆಳಗಿನ ಬೋಲ್ಟು ಹಿಡಿದಿರಲಿ, ಮೇಲಿನ ಬೋಲ್ಟಿಗೆ ಫಲಕದಲ್ಲಿ ಲಂಬವಾದ ಉದ್ದನೆಯ ತೂತು ಕೊಡಿ. ಜೋಡಿಸುವ ದಿನ ಬೋಲ್ಟು ಆ ತೂತಿನ ಮೇಲ್ತುದಿಯಲ್ಲಿರಬೇಕು: ತೊಲೆ ಕುಗ್ಗಿದಂತೆ ಅದು ಕೆಳಗೆ ಜಾರುತ್ತದೆ. ಕೆಳತುದಿಯಲ್ಲಿಟ್ಟರೆ ತೂತು ಇದ್ದೂ ಇಲ್ಲದಂತೆ.

ಇನ್ನು ಕಚ್ಚು. ಆಧಾರದ ಮೇಲೆ ತೊಲೆಯ ಅಡಿಬದಿಯನ್ನು ಚೌಕವಾಗಿ ಕೆತ್ತಿದರೆ, ಒಳಮೂಲೆಯಲ್ಲಿ ಮರವನ್ನು ಅಡ್ಡಕ್ಕೆ ಹರಿಯುವ ಎಳೆತ ಹುಟ್ಟುತ್ತದೆ. ಉಳಿದ ಎತ್ತರವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಇದು ತಪ್ಪಿಹೋಗುತ್ತದೆ. ಕೆತ್ತಲೇಬೇಕಾದರೆ ಎತ್ತರದ ಕಾಲುಭಾಗ ಮೀರದಿರಲಿ, ಮೂಲೆಯ ಬದಲು ಇಳಿಜಾರು ಕೊಡಿ. ನಡುಭಾಗದ ಅಡಿಬದಿಯನ್ನಂತೂ ಮುಟ್ಟಬೇಡಿ.

ಜಂತೆಯನ್ನು ನಿಲ್ಲಿಸಿಯೇ ಇಡಬೇಕೆಂಬುದು ಗೊತ್ತಿರುವ ಮಾತು: 50 × 200 ಮಿ.ಮೀ. ಜಂತೆ 200ರ ಬದಿ ಎತ್ತರವಾಗಿ ನಿಂತರೆ ಮಲಗಿದ್ದಕ್ಕಿಂತ ಬಾಗದಿರುವ ಗುಣ 16 ಪಟ್ಟು, ಬಲ 4 ಪಟ್ಟು. ಪಕ್ಕಕ್ಕೆ ವಾಲದಂತೆ ನಡುವೆ ಅಡ್ಡತುಂಡು ಹಾಕಿ. ಬಾಗಿದ್ದು ಅಲ್ಲಿಗೇ ನಿಲ್ಲುವುದೂ ಇಲ್ಲ, ವರ್ಷ ಕಳೆದಂತೆ ಹೆಚ್ಚುತ್ತದೆ. ಮರದ ಕಟ್ಟಡಗಳಿಗಿರುವ ಯುರೋಪಿನ ನಿಯಮಾವಳಿ ಯೂರೋಕೋಡ್ 5ರ ಪ್ರಕಾರ, ಒಣ ಒಳಾಂಗಣದಲ್ಲಿ ಸದಾ ಇರುವ ಭಾರಕ್ಕೆ ಮೊದಲ ಬಾಗಿನ ಮೇಲೆ ಇನ್ನೂ 60% ಸೇರುತ್ತದೆ. ಮಳೆಗೆ ತೆರೆದಲ್ಲಿ 200%.

ಬೆಂಕಿಯಲ್ಲಿ ಪೈನ್‌ನಂಥ ಮೆದುಮರ ನಿಮಿಷಕ್ಕೆ ಸುಮಾರು 0.65 ಮಿ.ಮೀ. ಇದ್ದಿಲಾಗುತ್ತದೆ, ಅರ್ಧ ಗಂಟೆಗೆ 20 ಮಿ.ಮೀ. ದಪ್ಪ ತೊಲೆ ತಾಳುತ್ತದೆ, ಹೊರಗಿರುವ ಉಕ್ಕಿನ ಫಲಕ ಅಷ್ಟರಲ್ಲಿ ಮೆತ್ತಗಾಗಿರುತ್ತದೆ. ಅದಕ್ಕೇ ಫಲಕವನ್ನು ತೊಲೆಯೊಳಗೆ ಹುದುಗಿಸಿ, ಬೋಲ್ಟಿನ ತಲೆಗೆ ಮರದ ಬಿರಡೆ ಹೊಡೆಯುತ್ತಾರೆ.