ಕುದುರೆ, ಹಾವು ಮತ್ತು ಬಿಪಿ ಮಾತ್ರೆ

"ವಾಕಿಂಗ್ ಶುರು ಮಾಡಿದೆ, ಬಿಪಿ ನಾರ್ಮಲ್ ಬಂತು, ಮಾತ್ರೆ ಬಿಟ್ಟೆ." ಈ ಮಾತು ಕೇಳಿದಾಗಲೆಲ್ಲ ತಲೆ ಚಚ್ಚಿಕೊಳ್ಳುವ ಹಾಗಾಗುತ್ತದೆ. ಆ ನಾರ್ಮಲ್ ಬಂದಿದ್ದೇ ಮಾತ್ರೆಯೂ ಹೊಟ್ಟೆಯಲ್ಲಿದ್ದಾಗ, ಅಲ್ವಾ? ಇನ್ನು ಕೆಲವರು ಉಲ್ಟಾ: ಮಾತ್ರೆ ಇದೆಯಲ್ಲ, ಸುಮ್ನೆ ಯಾಕೆ ಬೆವರು ಸುರಿಸೋದು ಅಂತಾರೆ. ಎರಡೂ ಯಾಕೆ ಸರಿಯಲ್ಲ ಅಂತ ತಿಳಿಯಲು ಮೊದಲು ಈ ಬಿಪಿ, ಅಂದರೆ ರಕ್ತದ ಒತ್ತಡ, ಏನು ಅಂತ ನೋಡೋಣ.

1733ರಲ್ಲಿ ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ಪಾದ್ರಿ ಒಂದು ವಿಚಿತ್ರ ಪ್ರಯೋಗದ ವಿವರ ಪ್ರಕಟಿಸಿದ. ಕುದುರೆಯ ರಕ್ತನಾಳಕ್ಕೆ ಉದ್ದದ ಗಾಜಿನ ಕೊಳವೆ ಜೋಡಿಸಿದರೆ ರಕ್ತ ಅದರೊಳಗೆ 8 ಅಡಿಗೂ ಮೇಲೆ ಏರಿತ್ತು! ನಮ್ಮ ಬಿಪಿಯ ಮೇಲಿನ ಅಂಕಿ 120 ಅನ್ನೋದನ್ನೂ ಹೀಗೇ ನೋಡಬಹುದು. ಅದು ರಕ್ತವನ್ನು ಸುಮಾರು 5 ಅಡಿ ಎತ್ತುವಷ್ಟು ಒತ್ತಡ. 160 ಆದರೆ ಆರೂವರೆ ಅಡಿ ದಾಟುತ್ತದೆ. ಹೃದಯ ದಿನಕ್ಕೆ ಹೆಚ್ಚುಕಮ್ಮಿ ಲಕ್ಷ ಸಲ ಈ ಭಾರ ಎತ್ತಬೇಕು. ಎತ್ತಿ ಎತ್ತಿ ಅದರ ಗೋಡೆ ದಪ್ಪಗಾಗುತ್ತದೆ. ತೋಳು ದಪ್ಪಗಾದರೆ ಚಂದ, ಹೃದಯಕ್ಕೆ ಅದು ಕೇಡು.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರುತ್ತೇನೆ. ನಾಳದ ಅಗಲ ಅರ್ಧಕ್ಕಿಳಿದರೆ ರಕ್ತಕ್ಕೆ ಎದುರಾಗುವ ತಡೆ ಎರಡು ಪಟ್ಟಲ್ಲ, 16 ಪಟ್ಟು ಏರುತ್ತದೆ. ಬರೀ ಹತ್ತರಲ್ಲಿ ಒಂದು ಪಾಲು ಕುಗ್ಗಿದರೂ ತಡೆ ಒಂದೂವರೆ ಪಟ್ಟಾಗುತ್ತದೆ. ಅಂದರೆ ಆಟವೆಲ್ಲ ನಾಳದ ಅಗಲದ್ದು. ನೀವು ಬಿರುಸಾಗಿ ನಡೆದಾಗ ರಕ್ತ ನಾಳದ ಒಳಪದರವನ್ನು ಉಜ್ಜಿಕೊಂಡು ಓಡುತ್ತದೆ. ಆ ಪದರಕ್ಕೆ ಉಜ್ಜುವಿಕೆ ಗೊತ್ತಾಗುತ್ತದೆ, ಅದು ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುತ್ತದೆ, ಸುತ್ತಲಿನ ಸ್ನಾಯು ಸಡಿಲವಾಗುತ್ತದೆ. ಹೊಳೆ ರಭಸವಾದಾಗ ದಡವೇ ಪಕ್ಕಕ್ಕೆ ಸರಿದು ದಾರಿ ಬಿಟ್ಟ ಹಾಗೆ. ಬಿಗಿದ ಮುಷ್ಟಿಯನ್ನು ಯಾರೋ ಒಳಗಿನಿಂದ ಸವರಿ ಬಿಚ್ಚಿಸಿದ ಹಾಗೆ ಅಂತಲೂ ಹೇಳಬಹುದು. ಈ ಅನಿಲದ ಗುಟ್ಟು ಬಿಡಿಸಿದ ಮೂವರಿಗೆ 1998ರಲ್ಲಿ ನೊಬೆಲ್ ಸಿಕ್ಕಿತು.

ಮಾತ್ರೆಯ ಕಥೆ ಹಾವಿನಿಂದ ಶುರು. ಬ್ರೆಜಿಲ್‌ನ ಜರರಾಕಾ ಹಾವು ಕಚ್ಚಿದರೆ ಬಿಪಿ ದಬಕ್ಕನೆ ಬೀಳುತ್ತದೆ. ಆ ವಿಷದ ಜಾಡು ಹಿಡಿದೇ ಕ್ಯಾಪ್ಟೊಪ್ರಿಲ್ ತಯಾರಾಯಿತು. 'ಪ್ರಿಲ್' ಅಂತ ಮುಗಿಯುವ ಮಾತ್ರೆಗಳೆಲ್ಲ ಅದರ ತಮ್ಮಂದಿರು. ಅವು ನಾಳ ಬಿಗಿಸುವ ಹಾರ್ಮೋನನ್ನು ತಡೆಯುತ್ತವೆ, ಜೊತೆಗೆ ಅದೇ ಒಳಪದರದಿಂದ ಅದೇ ನೈಟ್ರಿಕ್ ಆಕ್ಸೈಡ್ ಜಾಸ್ತಿ ಬರುವಂತೆಯೂ ಮಾಡುತ್ತವೆ. ನಡಿಗೆಯ ಮತ್ತು ಮಾತ್ರೆಯ ದಾರಿಗಳು ಹೀಗೆ ಅಲ್ಲಲ್ಲಿ ಕೂಡುವುದರಿಂದ ಲೆಕ್ಕ ನೇರ ಕೂಡಿಕೆಯಲ್ಲ. ಬಿಪಿ ಇರುವವರಲ್ಲಿ ನಿಯಮಿತ ವ್ಯಾಯಾಮ ಮೇಲಿನ ಅಂಕಿಯನ್ನು 5ರಿಂದ 8ರಷ್ಟು ಇಳಿಸುತ್ತದೆ, ಒಂದು ಮಾತ್ರೆ ಸುಮಾರು 9ರಷ್ಟು. ಎರಡೂ ಸೇರಿದರೆ ಇಳಿತ ಒಂದೊಂದಕ್ಕಿಂತ ಜಾಸ್ತಿ, ಆದರೆ ಪೂರ್ತಿ ಮೊತ್ತದಷ್ಟಲ್ಲ. ಡೋಸ್ ಕಮ್ಮಿ ಮಾಡುವ ಮಾತು ಬರಬಹುದು, ಅದನ್ನು ಡಾಕ್ಟರ್ ಹೇಳಬೇಕು.

ಬೀಟಾ ಬ್ಲಾಕರ್ (ಹೃದಯಬಡಿತ ನಿಧಾನ ಮಾಡುವ ಇನ್ನೊಂದು ಬಗೆಯ ಬಿಪಿ ಮಾತ್ರೆ) ತಗೊಳ್ಳುವವರು ಕೈಗಡಿಯಾರದಲ್ಲಿ ನಾಡಿಬಡಿತ ನೋಡಿ ಕೊರಗಬೇಡಿ. ಎಷ್ಟೇ ಓಡಿದರೂ ಅದು ಮೊದಲಿನಷ್ಟು ಏರುವುದಿಲ್ಲ. ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು.

ನಾನೂ ಒಮ್ಮೆ ಬಿರುಸಾಗಿ ನಡೆದು ಗಕ್ಕನೆ ನಿಂತು, ಬಗ್ಗಿ ಶೂ ಲೇಸ್ ಕಟ್ಟಿ ಎದ್ದೆ. ಕಣ್ಣು ಕತ್ತಲೆ ಬಂತು. ಮಾತ್ರೆಯೂ ನಡಿಗೆಯೂ ಸೇರಿ ನಾಳಗಳನ್ನು ಅಗಲ ಮಾಡಿಟ್ಟಿದ್ದವು, ರಕ್ತವನ್ನು ಮೇಲಕ್ಕೆ ಹಿಂಡುತ್ತಿದ್ದ ಮೀನಖಂಡ ನಿಂತಿತ್ತು, ರಕ್ತ ಕಾಲಲ್ಲೇ ಉಳಿದಿತ್ತು. ಹೆದರಿ ಮಾತ್ರೆ ಬಿಡೋಣ ಅಂತ ನನಗೂ ಅನಿಸಿದ್ದು ನಿಜ. ಡಾಕ್ಟರನ್ನು ಕೇಳಿದೆ. ಕೊನೆಯ ಐದು ನಿಮಿಷ ನಿಧಾನಕ್ಕೆ ನಡೆಯಿರಿ ಅಂದರು. ಆಮೇಲೆ ಹಾಗಾಗಲಿಲ್ಲ.