ಅಪನಂಬಿಕೆಯ ಅಮಾನತು: ಸೇಡಿನ ಸಿನಿಮಾ ನೋಡುವಾಗ ಲಾಜಿಕ್ ಎಲ್ಲಿರುತ್ತದೆ?

ಅಮಾನತು ಅಂದರೆ ವಜಾ ಅಲ್ಲ. ಅಮಾನತಾದ ನೌಕರನ ಹೆಸರು ಹಾಜರಿ ಪುಸ್ತಕದಲ್ಲೇ ಇರುತ್ತದೆ. ಆದೇಶ ಬಂದ ದಿನ ಮತ್ತೆ ಬಂದು ಕುರ್ಚಿಯಲ್ಲಿ ಕೂರುತ್ತಾನೆ. ‘ಅಪನಂಬಿಕೆಯ ಅಮಾನತು’ ಎಂಬ ವಿಮರ್ಶೆಯ ಪದದಲ್ಲೂ ಇರುವುದು ಇದೇ ಅರ್ಥ. ಸಿನಿಮಾ ನೋಡುವಾಗ ‘ಇದೆಲ್ಲ ಆಗೋ ಮಾತಲ್ಲ’ ಎನ್ನುವ ಅನುಮಾನವನ್ನು ನಾವು ಕೊಂದುಹಾಕುವುದಿಲ್ಲ, ಸ್ವಲ್ಪ ಹೊತ್ತು ಪಕ್ಕಕ್ಕೆ ಕೂರಿಸಿರುತ್ತೇವೆ. ಅದು ಕೂತಲ್ಲೇ ಎಲ್ಲವನ್ನೂ ಗಮನಿಸುತ್ತಿರುತ್ತದೆ. ಚಿತ್ರ ಎಡವಿತೋ, ಎದ್ದು ಬರುತ್ತದೆ.

ಪದದ ಮೂಲ ಇಂಗ್ಲಿಷ್ ಕವಿ ಸ್ಯಾಮ್ಯುಯೆಲ್ ಟೇಲರ್ ಕೋಲ್‌ರಿಜ್. 1817ರಲ್ಲಿ ಬಂದ ‘ಬಯೋಗ್ರಾಫಿಯಾ ಲಿಟರೇರಿಯಾ’ದ 14ನೇ ಅಧ್ಯಾಯದಲ್ಲಿ ಅವನು ಈ ಮಾತನ್ನು ಬಳಸಿದ. ಅಲೌಕಿಕ ಸಂಗತಿಗಳ ಬಗ್ಗೆ ಕವಿತೆ ಬರೆಯುವಾಗ ಓದುಗ ತಾನಾಗಿ ಒಪ್ಪಿ ಅನುಮಾನವನ್ನು ಆ ಹೊತ್ತಿಗೆ ಬದಿಗಿಡುತ್ತಾನೆ ಎಂಬುದು ಅವನ ಮಾತಿನ ಒಂದು ಭಾಗ. ಹಾಗಾಗಬೇಕಾದರೆ ಆ ಅಲೌಕಿಕ ಪಾತ್ರಗಳಲ್ಲಿ ನಿಜವಾದ ಮನುಷ್ಯ ಭಾವ ತುಂಬಿರಬೇಕು ಎಂಬುದು ಇನ್ನೊಂದು ಭಾಗ. ಮೊದಲನೆಯದು ನೋಡುಗನ ಕೆಲಸ, ಎರಡನೆಯದು ಕಥೆ ಕಟ್ಟುವವನ ಕೆಲಸ. ‘ಲಾಜಿಕ್ ಮನೇಲಿ ಬಿಟ್ಟು ಬನ್ನಿ’ ಎನ್ನುವವರು ಎರಡನೆಯದನ್ನು ಜಾಣತನದಿಂದ ಮರೆಸುತ್ತಾರೆ.

ಕನ್ನಡದಲ್ಲಿ ಇದಕ್ಕೆ ಸಾವಿರ ವರ್ಷ ಹಳೆಯ ಉದಾಹರಣೆಯೇ ಇದೆ, ಅದೂ ಸೇಡಿನದೇ. ಹತ್ತನೆಯ ಶತಮಾನದ ರನ್ನನ ಗದಾಯುದ್ಧದಲ್ಲಿ ಸರೋವರದೊಳಗೆ ಅಡಗಿರುವ ದುರ್ಯೋಧನ, ಭೀಮನ ಗರ್ಜನೆ ಕೇಳಿ ನೀರಿನೊಳಗಿದ್ದೂ ಬೆವರುತ್ತಾನೆ. ನೀರಲ್ಲಿ ಮುಳುಗಿದವನ ಬೆವರು ಕಂಡವರಾರು ಎಂದು ಈವರೆಗೆ ಯಾವ ಓದುಗನೂ ತಕರಾರು ತೆಗೆದ ಹಾಗಿಲ್ಲ. ಆ ಬೆವರಿನ ಹಿಂದೆ ದ್ರೌಪದಿಯ ಬಿಚ್ಚಿದ ಮುಡಿ ಇದೆ, ತುಂಬಿದ ಸಭೆಯಲ್ಲಿ ಮಾಡಿದ ಪ್ರತಿಜ್ಞೆ ಇದೆ, ಹದಿಮೂರು ವರ್ಷ ನುಂಗಿಕೊಂಡ ಸಿಟ್ಟಿದೆ. ಇಷ್ಟು ಕೂಡಿಟ್ಟ ಮೇಲೆ ಕವಿ ಒಂದು ಅಸಾಧ್ಯವನ್ನು ಖರ್ಚು ಮಾಡಿದರೆ ಯಾರು ಬೇಡ ಎನ್ನುತ್ತಾರೆ?

ಸೇಡಿನ ಆಕ್ಷನ್ ಚಿತ್ರವೂ ಹೀಗೆಯೇ ಮೊದಲು ಜಮೆ ಮಾಡಿ ಆಮೇಲೆ ಖರ್ಚು ಮಾಡುತ್ತದೆ. ಎರಡು ಗಂಟೆಯ ಚಿತ್ರವಾದರೆ ಸುಮಾರು ಮೊದಲ 25–30 ನಿಮಿಷ ಜಮೆಯ ಕಾಲ. ಆಗ ಆಗುವ ಅನ್ಯಾಯ ನಿರ್ದಿಷ್ಟವಾಗಿರಬೇಕು, ಕಣ್ಣಿಗೆ ಕಾಣಬೇಕು. ‘ಅವರು ಅವನ ಬದುಕನ್ನೇ ಹಾಳು ಮಾಡಿದರು’ ಎಂಬ ಒಂದು ಸಾಲಿನ ಸಂಭಾಷಣೆಯಿಂದ ಜಮೆ ಆಗುವುದು ಚಿಲ್ಲರೆ ಕಾಸು. 2014ರ ‘ಜಾನ್ ವಿಕ್’ ನೋಡಿ. ನಾಯಕ ಹೊರಡುವುದು ಒಂದು ನಾಯಿಮರಿಗಾಗಿ ಮತ್ತು ಕದ್ದೊಯ್ದ ಕಾರಿಗಾಗಿ. ಹೇಳಿದರೆ ನಗು ಬರುತ್ತದೆ. ಆದರೆ ಆ ಮರಿ, ಸಾಯುವ ಮೊದಲು ಹೆಂಡತಿ ಅವನಿಗೆಂದು ಏರ್ಪಾಡು ಮಾಡಿದ್ದ ಕೊನೆಯ ಉಡುಗೊರೆ. ದುಃಖದಲ್ಲಿ ಒಬ್ಬನೇ ಕೊಳೆಯಬಾರದು ಎಂದು ಕಳಿಸಿದ್ದು. ಚಿತ್ರ ಅದನ್ನು ನಿಧಾನವಾಗಿ, ಹೆಚ್ಚು ಮಾತಿಲ್ಲದೆ ತೋರಿಸುತ್ತದೆ. ಮರಿ ಸತ್ತಾಗ ಪ್ರೇಕ್ಷಕ ಲೆಕ್ಕ ಹಾಕುವುದು ನಾಯಿಯ ಬೆಲೆಯನ್ನಲ್ಲ.

ಜಮೆಯ ಕಾಲದಲ್ಲಿ ಇನ್ನೊಂದು ಬಾಗಿಲನ್ನೂ ಮುಚ್ಚಬೇಕು: ಪೊಲೀಸರ ಬಾಗಿಲು. ಕಾನೂನಿಗೆ ಹೋಗಬಹುದಾಗಿತ್ತಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಗದಿದ್ದರೆ ನಾಯಕ ಬರೀ ಕೊಲೆಗಾರನಾಗಿ ಉಳಿಯುತ್ತಾನೆ. ಠಾಣೆಯ ಒಂದೇ ದೃಶ್ಯ, ಮೂರು ನಿಮಿಷ, ಸಾಕು. ಅದನ್ನು ಹತ್ತು ನಿಮಿಷ ಎಳೆದರೆ ಚಿತ್ರ ವ್ಯವಸ್ಥೆಯ ವಿರುದ್ಧದ ಭಾಷಣವಾಗಿ ಸೇಡು ತಣ್ಣಗಾಗುತ್ತದೆ.

ಇನ್ನು ಖರ್ಚು. ಈ ಚಿತ್ರಗಳಲ್ಲಿ ಎಷ್ಟು ಸುಳ್ಳಿದೆ ಎಂದು ಒಮ್ಮೆ ಅಳೆದು ನೋಡುವುದು ಒಳ್ಳೆಯದು. 9 ಎಂಎಂ ಪಿಸ್ತೂಲಿನ ಗುಂಡಿನ ತೂಕ ಸುಮಾರು 8 ಗ್ರಾಂ, ವೇಗ ಸೆಕೆಂಡಿಗೆ ಸುಮಾರು 360 ಮೀಟರ್. ಅದರ ಪೂರ್ತಿ ಸಂವೇಗ 70 ಕಿಲೋ ತೂಕದ ಮನುಷ್ಯನಿಗೆ ಸೇರಿದರೂ ಅವನು ಹಿಂದಕ್ಕೆ ಸರಿಯುವ ವೇಗ ಸೆಕೆಂಡಿಗೆ 4 ಸೆಂಟಿಮೀಟರ್ ಮಾತ್ರ. ನಾವು ನಡೆಯುವ ವೇಗವೇ ಅದರ ಮೂವತ್ತು ಪಟ್ಟಿಗಿಂತ ಹೆಚ್ಚು. ಗುಂಡು ತಗುಲಿ ಗಾಜು ಒಡೆದುಕೊಂಡು ಹಾರಿ ಹೋಗುವವನನ್ನು ಎಳೆಯುವುದು ಬೆನ್ನಿಗೆ ಕಟ್ಟಿದ ತಂತಿ. ಗುಂಡು ಅವನನ್ನು ಹಾರಿಸುವಷ್ಟು ತಳ್ಳುವುದಾದರೆ ಹೊಡೆದವನೂ ಅಷ್ಟೇ ದೂರ ಹಿಂದಕ್ಕೆ ಹಾರಬೇಕಿತ್ತು. ಸೈಲೆನ್ಸರ್ ಹಾಕಿದ ಪಿಸ್ತೂಲು ಸಿನಿಮಾದಲ್ಲಿ ‘ಫುಸ್ಸ್’ ಎನ್ನುತ್ತದೆ. ನಿಜದಲ್ಲಿ ಸುಮಾರು 160 ಡೆಸಿಬಲ್‌ನ ಸದ್ದು 130ರ ಆಸುಪಾಸಿಗೆ ಇಳಿಯುತ್ತದೆ ಅಷ್ಟೆ, ಅದು ಕಿವಿ ನೋಯಿಸುವ ಮಟ್ಟವೇ. 10 ಮೀಟರ್ ಎತ್ತರದಿಂದ ಬಿದ್ದವನು ನೆಲ ಮುಟ್ಟುವಾಗ ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿರುತ್ತಾನೆ; ಎದ್ದು ಕೋಟು ಕೊಡವಿಕೊಳ್ಳುವ ಸ್ಥಿತಿ ಅಲ್ಲ. ತಲೆಗೆ ಪೆಟ್ಟು ಬಿದ್ದು ಅರ್ಧ ಗಂಟೆ ಪ್ರಜ್ಞೆ ತಪ್ಪಿದರೆ ಅದು ಮಿದುಳಿಗೆ ಆದ ಗಂಭೀರ ಗಾಯ, ನಿದ್ದೆಯಲ್ಲ.

ಇಷ್ಟೆಲ್ಲ ಗೊತ್ತಿದ್ದವರೂ ನೋಡಿ ಖುಷಿಪಡುತ್ತಾರೆ. ಯಾಕೆಂದರೆ ಪ್ರೇಕ್ಷಕ ಭೌತಶಾಸ್ತ್ರದ ಸುಳ್ಳನ್ನು ಸುಲಭವಾಗಿ ಕ್ಷಮಿಸುತ್ತಾನೆ, ಮನಸ್ಸಿನ ಸುಳ್ಳನ್ನು ಕ್ಷಮಿಸುವುದಿಲ್ಲ. ಅರಿಸ್ಟಾಟಲ್ ಕಾವ್ಯಮೀಮಾಂಸೆಯಲ್ಲಿ ಹೇಳಿದ್ದೂ ಹೆಚ್ಚುಕಡಿಮೆ ಇದೇ: ನಂಬಲಾಗದ ಸಾಧ್ಯಕ್ಕಿಂತ ನಂಬಬಹುದಾದ ಅಸಾಧ್ಯ ಮೇಲು. ಒಬ್ಬ ಇಪ್ಪತ್ತು ಜನರನ್ನು ಹೊಡೆದುರುಳಿಸುವುದು ಅಸಾಧ್ಯ, ಆದರೂ ನಂಬಿಸಬಹುದು. ಖಳನಾಯಕ ನಾಯಕನನ್ನು ಕುರ್ಚಿಗೆ ಕಟ್ಟಿಹಾಕಿ, ತನ್ನ ಯೋಜನೆಯನ್ನೆಲ್ಲ ವಿವರಿಸಿ, ಒಬ್ಬ ಕಾವಲುಗಾರನನ್ನು ಬಿಟ್ಟು ಊಟಕ್ಕೆ ಹೋಗುವುದು ಪೂರ್ತಿ ಸಾಧ್ಯ. ಅದನ್ನು ನಂಬಿಸುವುದೇ ಕಷ್ಟ.

ನಂಬಿಸುವ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ನೆರವಾಗುವುದು ನೋವು. ದಕ್ಷಿಣ ಕೊರಿಯಾದ ಪಾರ್ಕ್ ಚಾನ್-ವೂಕ್ ನಿರ್ದೇಶನದ ‘ಓಲ್ಡ್‌ಬಾಯ್’ (2003) ಚಿತ್ರದ ಕಾರಿಡಾರ್ ಫೈಟ್ ಇದಕ್ಕೆ ಪಾಠದಂತಿದೆ. ಒಬ್ಬನ ಕೈಯಲ್ಲಿ ಸುತ್ತಿಗೆ, ಎದುರಿಗೆ ಕಾರಿಡಾರ್ ತುಂಬ ಜನ. ಕ್ಯಾಮೆರಾ ಗೋಡೆಯ ಪಕ್ಕದಿಂದ ಸರಿಯುತ್ತ ಹೋಗುತ್ತದೆ, ಎಲ್ಲೂ ಕಟ್ ಇಲ್ಲ. ಮೂರು ದಿನಗಳಲ್ಲಿ 17 ಟೇಕ್ ಆದ ಮೇಲೆ ಸಿಕ್ಕಿದ ಶಾಟ್ ಅದು. ಎಣಿಕೆಯ ದೃಷ್ಟಿಯಿಂದ ಇದೂ ಬುರುಡೆಯೇ. ಆದರೆ ನಾಯಕನ ಬೆನ್ನಿಗೆ ಚಾಕು ಇಳಿಯುತ್ತದೆ, ಅವನು ಬೀಳುತ್ತಾನೆ, ಏದುಸಿರು ಬಿಡುತ್ತಾನೆ. ಹೊಡೆಯಲು ಬಂದವರೂ ಸುಸ್ತಾಗಿ ಹಿಂಜರಿಯುತ್ತಾರೆ. ನಡುವೆ ಎರಡೂ ಕಡೆಯವರು ಸುಮ್ಮನೆ ನಿಂತು ಉಸಿರೆಳೆದುಕೊಳ್ಳುವ ಗಳಿಗೆಗಳಿವೆಯಲ್ಲ, ಉಳಿದ ಸುಳ್ಳನ್ನೆಲ್ಲ ಹೊತ್ತಿರುವುದು ಅವೇ.

ಹತ್ತು ಜನ ಸುತ್ತುವರಿದಿದ್ದರೂ ಒಬ್ಬೊಬ್ಬರೇ ಸರದಿಯಲ್ಲಿ ಬಂದು ಏಟು ತಿನ್ನುವುದು ಈ ಪ್ರಕಾರದ ಅತ್ಯಂತ ಹಳೆಯ ತಮಾಷೆ. ಸ್ಟಂಟ್ ಮಾಸ್ಟರ್‌ಗಳು ಇದನ್ನು ಮುಚ್ಚುವ ಬಗೆ ನೋಡಬೇಕು. ಜಾಗವನ್ನೇ ಇಕ್ಕಟ್ಟು ಮಾಡುತ್ತಾರೆ: ಮೆಟ್ಟಿಲು, ಲಿಫ್ಟ್, ರೈಲಿನ ಬೋಗಿ. ಒಂದು ಮೀಟರ್ ಅಗಲದ ಮೆಟ್ಟಿಲಲ್ಲಿ ಇಬ್ಬರಿಗಿಂತ ಹೆಚ್ಚು ಜನ ಒಟ್ಟಿಗೆ ನುಗ್ಗಲು ಆಗುವುದೇ ಇಲ್ಲ, ಸರದಿ ಸಹಜವಾಗುತ್ತದೆ. ಮೊದಲು ಬಿದ್ದವನು ಹಿಂದೆ ಬರುವವನ ಕಾಲಿಗೆ ಅಡ್ಡ ಬರುತ್ತಾನೆ. ಬಯಲಲ್ಲೇ ಹೊಡೆದಾಡಬೇಕಿದ್ದರೆ ನಾಯಕ ಒಬ್ಬನ ಕೊರಳಪಟ್ಟಿ ಹಿಡಿದು ಅವನನ್ನೇ ಗುರಾಣಿ ಮಾಡಿಕೊಂಡು ತಿರುಗುತ್ತಿರಬೇಕು. ಆಗ ಉಳಿದವರು ಕಾಯುವುದಕ್ಕೆ ಕಾರಣ ಸಿಗುತ್ತದೆ. ಕಾರಣವಿಲ್ಲದೆ ಹಿನ್ನೆಲೆಯಲ್ಲಿ ಕುಣಿಯುತ್ತ ನಿಂತವನೊಬ್ಬ ಚೌಕಟ್ಟಿನ ಮೂಲೆಯಲ್ಲಿ ಕಂಡರೂ ಸಾಕು, ಅಮಾನತಾದ ನೌಕರ ಕುರ್ಚಿಗೆ ಬಂದ ಹಾಗೆಯೇ.

ಒಂದೇ ಒಂದು ಏಟನ್ನು ಹತ್ತಿರದಿಂದ ನೋಡೋಣ. ಕ್ಯಾಮೆರಾ ಏಟು ತಿನ್ನುವವನ ಹೆಗಲ ಹಿಂದೆ. ಮುಷ್ಟಿ ಅವನ ಮುಖದಿಂದ ಒಂದು ಗೇಣು ದೂರದಲ್ಲಿ ಹಾದು ಹೋಗುತ್ತದೆ; ಆ ಕೋನದಿಂದ ಅಂತರ ಕಾಣುವುದಿಲ್ಲ. ಕ್ಯಾಮೆರಾವನ್ನು ಪಕ್ಕಕ್ಕೆ ಎರಡು ಹೆಜ್ಜೆ ಸರಿಸಿದರೆ ಗುಟ್ಟು ಬಯಲು. ಏಟು ನಿಜವೆನಿಸುವುದು ಹೊಡೆಯುವವನ ಕೈಯಿಂದ ಅಲ್ಲ, ತಿನ್ನುವವನ ಕತ್ತಿನಿಂದ. ಮುಷ್ಟಿ ಮುಖದ ರೇಖೆ ದಾಟುವ ಕ್ಷಣಕ್ಕೆ ಸರಿಯಾಗಿ ತಲೆ ತಿರುಗಬೇಕು. ಸೆಕೆಂಡಿಗೆ 24 ಫ್ರೇಮ್ ಓಡುವಲ್ಲಿ ಮೂರ್ನಾಲ್ಕು ಫ್ರೇಮ್ ತಡವಾದರೂ, ಅಂದರೆ ಸೆಕೆಂಡಿನ ಆರನೇ ಒಂದು ಭಾಗ, ಏಟು ಸುಳ್ಳಾಗುತ್ತದೆ. ವೇಗ ಹೆಚ್ಚಿಸಲು ಸೆಕೆಂಡಿಗೆ 22 ಫ್ರೇಮ್‌ನಲ್ಲಿ ಚಿತ್ರಿಸಿ 24ರಲ್ಲಿ ಓಡಿಸುವುದುಂಟು, ಚಲನೆ ಶೇ. 9ರಷ್ಟು ಚುರುಕಾಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಆಸೆಬಿದ್ದು 18ಕ್ಕೆ ಇಳಿಸಿದರೆ ಫೈಟ್ ಮೂಕಿ ಚಿತ್ರದ ಹಾಸ್ಯದಂತೆ ಕಾಣುತ್ತದೆ. ಸದ್ದು ಆಮೇಲೆ ಸೇರುತ್ತದೆ.

ಸಂಕಲನ ಕೈಕೊಟ್ಟರೆ ಇದೆಲ್ಲ ವ್ಯರ್ಥ. ‘ಟೇಕನ್ 3’ರಲ್ಲಿ ನಾಯಕ ತಂತಿ ಬೇಲಿ ಹತ್ತಿ ದಾಟುವ ಕೆಲವೇ ಸೆಕೆಂಡುಗಳಲ್ಲಿ ಹತ್ತಕ್ಕೂ ಹೆಚ್ಚು ಕಟ್‌ಗಳಿವೆ. ವೇಗ ಕಾಣಲಿ ಎಂದು ಮಾಡಿದ್ದು. ಕಂಡದ್ದು ಬೇಲಿ ಹತ್ತಲು ಆಗದ ನಾಯಕ. ಇದಕ್ಕೆ ಎದುರಾಗಿ ‘ಜಾನ್ ವಿಕ್’ ನಿರ್ದೇಶಕ ಚಾಡ್ ಸ್ಟಾಹೆಲ್‌ಸ್ಕಿಯನ್ನು ನಿಲ್ಲಿಸಬಹುದು. ಆತ ‘ದಿ ಮೇಟ್ರಿಕ್ಸ್’ ಚಿತ್ರದಲ್ಲಿ, ಮುಂದೆ ಜಾನ್ ವಿಕ್ ಆದ ನಟ ಕಿಯಾನು ರೀವ್ಸ್‌ಗೆ ಡೂಪ್ ಆಗಿದ್ದವನು. ದೂರ ನಿಂತ ಕ್ಯಾಮೆರಾ, ಉದ್ದ ಶಾಟ್, ಯಾರು ಎಲ್ಲಿದ್ದಾರೆ ಎಂಬುದು ಸ್ಪಷ್ಟ. ಇನ್ನೊಂದು ಸಣ್ಣ ಪ್ರಾಮಾಣಿಕತೆ: ಗುಂಡು ಮುಗಿಯುತ್ತದೆ. ಸಾಮಾನ್ಯ 9 ಎಂಎಂ ಪಿಸ್ತೂಲಿನ ಮ್ಯಾಗಜಿನ್‌ನಲ್ಲಿ 15–17 ಗುಂಡು. ಸೆಕೆಂಡಿಗೆ ಮೂರರಂತೆ ಹೊಡೆದರೆ ಐದಾರು ಸೆಕೆಂಡಿನಲ್ಲಿ ಖಾಲಿ. ನಾಯಕ ಅದನ್ನು ಬದಲಿಸುವುದನ್ನು ತೋರಿಸಿದರೆ ಅನುಮಾನಕ್ಕೆ ಸಮಾಧಾನವೂ ಆಯಿತು, ಆ ಒಂದೂವರೆ ಸೆಕೆಂಡಿನಲ್ಲಿ ಅವನು ನಿರಾಯುಧ ಎಂಬ ಭಯವೂ ಹುಟ್ಟಿತು.

ಕಥೆಯ ಮಟ್ಟದಲ್ಲಿ ಅಮಾನತು ರದ್ದಾಗುವ ಜಾಗಗಳು ಹೆಚ್ಚೇನಿಲ್ಲ. ಆಕಸ್ಮಿಕ ಅವುಗಳಲ್ಲಿ ಮುಖ್ಯ. ಅದು ನಾಯಕನನ್ನು ಕಷ್ಟಕ್ಕೆ ದೂಡಿದರೆ ಒಪ್ಪುತ್ತೇವೆ, ಕಷ್ಟದಿಂದ ಎತ್ತಿದರೆ ಒಪ್ಪುವುದಿಲ್ಲ. ತಪ್ಪಿಸಿಕೊಂಡು ಹತ್ತಿದ ಟ್ಯಾಕ್ಸಿಯ ಚಾಲಕ ಶತ್ರುವಿನ ಕಡೆಯವನಾಗಿದ್ದರೆ ಸರಿ, ಹಳೆಯ ಗೆಳೆಯನಾಗಿದ್ದರೆ ಥಿಯೇಟರಿನಲ್ಲಿ ನಗು. ಗಾಯದ ಲೆಕ್ಕ ತಪ್ಪುವುದು ಇನ್ನೊಂದು: 40ನೇ ನಿಮಿಷದಲ್ಲಿ ತೊಡೆಗೆ ಗುಂಡು ಬಿದ್ದವನು 70ನೇ ನಿಮಿಷದಲ್ಲಿ ಕಟ್ಟಡದಿಂದ ಕಟ್ಟಡಕ್ಕೆ ಹಾರಬಾರದು, ಹಾರಲೇಬೇಕಿದ್ದರೆ ಇಳಿದಾಗ ಆ ಕಾಲು ಕುಸಿಯಬೇಕು. ಮತ್ತೆ, ಚಿತ್ರ ತಾನೇ ಹಾಕಿಕೊಂಡ ನಿಯಮ. ಮೊದಲ ಅರ್ಧದಲ್ಲಿ ಒಂದು ಚಾಕುವಿಗೆ ಹೆದರಿದವನು ಕೊನೆಯಲ್ಲಿ ಮೆಷಿನ್‌ಗನ್ ಎದುರು ಸೀದಾ ನಡೆದು ಬಂದರೆ, ನಡುವೆ ಅವನು ಬದಲಾದದ್ದೆಲ್ಲಿ ಎಂದು ತೋರಿಸಿರಬೇಕು.

ಈ ಪದದ ಜೊತೆ ಗೊಂದಲವಾಗುವ ಇನ್ನೊಂದು ಪದ ‘ಪ್ಲಾಟ್ ಆರ್ಮರ್’, ಕಥೆಯೇ ತೊಡಿಸಿದ ಕವಚ. ಕಥೆಗೆ ಬೇಕಾದವನು ಎಂಬ ಒಂದೇ ಕಾರಣಕ್ಕೆ ಸಾಯದೆ ಉಳಿಯುವವನನ್ನು ಹಂಗಿಸಲು ಬಳಸುವ ಮಾತು ಇದು. ಇದು ಚಿತ್ರದೊಳಗಿನ ಸಂಗತಿ. ಅಮಾನತು ನೋಡುಗನ ಮನಸ್ಸಿನ ಸಂಗತಿ. ಸೇಡಿನ ಕಥೆಯ ನಾಯಕ ಕೊನೆಯವರೆಗೆ ಬದುಕುತ್ತಾನೆ ಎಂದು ಟಿಕೆಟ್ ಕೊಳ್ಳುವಾಗಲೇ ಗೊತ್ತು. ಹಾಗಾಗಿ ಉಳಿಯುತ್ತಾನೋ ಇಲ್ಲವೋ ಎಂಬುದರ ಮೇಲೆ ಕುತೂಹಲ ಕಟ್ಟುವ ಚಿತ್ರ ಸೋಲುತ್ತದೆ. ಗೆಲ್ಲುವುದಕ್ಕಾಗಿ ಏನು ಕಳೆದುಕೊಳ್ಳುತ್ತಾನೆ, ಕೊಲ್ಲಬೇಕಾದವನ ಎದುರು ನಿಂತಾಗ ಏನು ಹೇಳುತ್ತಾನೆ ಎಂಬುದರ ಮೇಲೆ ಕಟ್ಟಿದ್ದು ನಿಲ್ಲುತ್ತದೆ. ಕವಚ ಇರಲಿ, ಅದರ ಮೇಲೆ ತಗ್ಗು ಬಿದ್ದಿರಲಿ.

ಅಮಾನತಿನ ಅವಧಿ ಎಷ್ಟು ಎಂಬುದಕ್ಕೂ ಒಂದು ಅಳತೆಯಿದೆ. ಸಸ್ಪೆನ್ಸ್ ಚಿತ್ರಗಳ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಕೆಲವು ದೃಶ್ಯಗಳನ್ನು ‘ಐಸ್‌ಬಾಕ್ಸ್ ದೃಶ್ಯ’ ಎನ್ನುತ್ತಿದ್ದ: ನೋಡುವಾಗ ಏನೂ ಅನಿಸುವುದಿಲ್ಲ, ಮನೆಗೆ ಹೋಗಿ, ಹಸಿವಾಗಿ ಫ್ರಿಜ್ ಬಾಗಿಲು ತೆಗೆದು ನಿಂತಾಗ ‘ಅರೆ, ಅವನು ಅಲ್ಲಿಗೆ ಹೋದದ್ದು ಹೇಗೆ?’ ಎಂದು ಹೊಳೆಯುತ್ತದೆ. ಅಂಥ ತೂತಿಗೆ ಬರವಣಿಗೆಗಾರ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅದೇ ಪ್ರಶ್ನೆ ದೃಶ್ಯ ನಡೆಯುತ್ತಿರುವಾಗಲೇ ಹೊಳೆದರೆ ಆ ತೂತನ್ನು ಮುಚ್ಚಬೇಕು, ಅದಕ್ಕೆ ಬೇಕಾಗುವುದು ಹೆಚ್ಚಿನ ಸಲ ಒಂದು ಶಾಟ್: ಮೇಜಿನ ಮೇಲಿದ್ದ ಕೀಲಿ ಹತ್ತು ನಿಮಿಷ ಮೊದಲೇ ನಾಯಕನ ಜೇಬಿಗೆ ಸೇರುವುದು.